ಜಠರವ್ರಣದ ಔಷಧ ಮತ್ತು ರಕ್ತನಷ್ಟದ ಆಘಾತ: ಒಂದು ಸಂಶೋಧನೆಯ ಚರಿತ್ರೆ

೧. ಪೀಠಿಕೆ

ಒಂದು ರೋಗಕ್ಕೆಂದು ಸಿದ್ಧವಾದ ಔಷಧವು ಕಾಲಾಂತರದಲ್ಲಿ ಅದಕ್ಕೆ ಸಂಬಂಧವೇ ಇಲ್ಲವೆಂದು ತೋರುವ ಮತ್ತೊಂದು ರೋಗದ ಚಿಕಿತ್ಸೆಗೆ ಒದಗಿಬಂದ ನಿದರ್ಶನಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ವಿರಳವಲ್ಲ. ಜಠರದ ಆಮ್ಲಸ್ರಾವವನ್ನು ತಗ್ಗಿಸಲು, ಕರುಳಿನ ಸೆಳೆತವನ್ನು ಸಡಿಲಿಸಲು ಬಳಕೆಗೆ ಬಂದ ಮಸ್ಕರೀನ್ ವಿರೋಧಿ ಔಷಧಗಳ ವರ್ಗವು ಅಂತಹ ನಿದರ್ಶನಗಳಲ್ಲಿ ಒಂದು. ಹೊಟ್ಟೆನೋವಿಗೆ ಕೊಡುವ ಈ ಔಷಧಗಳನ್ನು ದೇಹದ ರಕ್ತವೆಲ್ಲ ಸೋರಿಹೋಗಿ ಪ್ರಾಣವು ಕೊರಳಿಗೆ ಬಂದಿರುವ ಸ್ಥಿತಿಯಲ್ಲಿಯೂ ಪ್ರಯೋಗಿಸಿ ನೋಡಬಹುದೆಂಬ ಆಲೋಚನೆ ಸಂಶೋಧಕರಿಗೆ ಹೇಗೆ ಬಂದಿತು? ಆ ಆಲೋಚನೆಗೆ ಅವರು ಕೊಟ್ಟ ಕಾರಣಗಳು ಯಾವುವು? ಆ ಕಾರಣಗಳು ಕಾಲದಿಂದ ಕಾಲಕ್ಕೆ ಹೇಗೆ ಬದಲಾದುವು? ಈ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲೇಖನದ ನಿಲುವನ್ನು ಮೊದಲೇ ಸೂಚಿಸಿಬಿಡುವುದು ಯುಕ್ತ. ಈ ವರ್ಗದ ಔಷಧಗಳು ಆಘಾತದಲ್ಲಿ ಉಪಕಾರಿಯೆಂದು ಹೇಳಿದವರು ಅದಕ್ಕೆ ಕೊಟ್ಟ ವಿವರಣೆ ಮೂರು ಸಲ ಬದಲಾಗಿದೆ. ಮೊದಲು ಹೃದಯ, ಆಮೇಲೆ ಸೂಕ್ಷ್ಮ ರಕ್ತನಾಳ, ಕಡೆಗೆ ಉರಿಯೂತ. ಪ್ರತಿಯೊಂದು ವಿವರಣೆಯೂ ಶರೀರಶಾಸ್ತ್ರಕ್ಕೆ ಹೊಸದೊಂದು ತಿಳಿವಳಿಕೆಯನ್ನು ತಂದುಕೊಟ್ಟಿದೆ. ಆದರೆ ರಕ್ತ ಸುರಿಸುತ್ತಿರುವ ಮನುಷ್ಯನ ಪ್ರಾಣವನ್ನು ಈ ಔಷಧಗಳು ಉಳಿಸುತ್ತವೆಯೆಂಬುದು ದೊಡ್ಡ ಪ್ರಮಾಣದ ಪರೀಕ್ಷೆಯಿಂದ ಸಿದ್ಧವಾಗಿಲ್ಲ. ವಿವರಣೆಗೂ ಪ್ರಮಾಣಕ್ಕೂ ನಡುವೆ ಇರುವ ಈ ಅಂತರವೇ ಇಲ್ಲಿ ನಮಗೆ ಪಾಠವಾಗಬೇಕಾದುದು.

೨. ವಿಷಸಸ್ಯದಿಂದ ಗ್ರಾಹಕದವರೆಗೆ

ನಮ್ಮ ಊರುಗಳ ಹಾಳು ದಿಬ್ಬಗಳ ಮೇಲೆ ಬೆಳೆಯುವ ಉಮ್ಮತ್ತಿಯನ್ನು ಅರಿಯದವರಿಲ್ಲ. ಅದನ್ನು ತಿಂದವನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಚರ್ಮ ಕೆಂಪಾಗಿ ಕಾಯುತ್ತದೆ, ನಾಡಿ ಓಡುತ್ತದೆ, ಬುದ್ಧಿ ಭ್ರಮಿಸುತ್ತದೆ. ಸಸ್ಯದ ಹೆಸರೇ ಈ ಕೊನೆಯ ಲಕ್ಷಣವನ್ನು ಹೇಳುತ್ತದೆ. ಯೂರೋಪಿನ ಬೆಲ್ಲಡೋನ, ಹೆನ್‌ಬೇನ್ ಎಂಬ ಸಸ್ಯಗಳೂ ಉಮ್ಮತ್ತಿಯ ಕುಟುಂಬಕ್ಕೇ ಸೇರಿದವು. ಬದನೆ, ಆಲೂಗಡ್ಡೆಗಳೂ ಇದೇ ಕುಟುಂಬದವೆಂಬುದು ಸಸ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಬೆಲ್ಲಡೋನದ ಸಾರವಾದ ಅಟ್ರೊಪೀನ್ ಎಂಬ ಸಸ್ಯಕ್ಷಾರವನ್ನು ಜರ್ಮನಿಯ ಔಷಧಕಾರ ಮೈನ್ ೧೮೩೦ರ ದಶಕದ ಆರಂಭದಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದನು.

ಶುದ್ಧವಸ್ತು ಕೈಗೆ ಸಿಕ್ಕಿದ ಮೇಲೆ ಪ್ರಯೋಗಗಳು ಸಾಧ್ಯವಾದುವು. ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರ, ಕರುಳುಗಳಿಗೆ ಹರಡಿಕೊಳ್ಳುವ ವೇಗಸ್ ನರವನ್ನು ಉದ್ದೀಪಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆಂಬುದು ಆ ವೇಳೆಗಾಗಲೇ ತಿಳಿದಿತ್ತು. ಅಟ್ರೊಪೀನ್ ಕೊಟ್ಟ ಪ್ರಾಣಿಯಲ್ಲಿ ಈ ನಿಧಾನತೆ ಉಂಟಾಗುವುದಿಲ್ಲವೆಂದು ಬೆಟ್ಸೋಲ್ಡ್ ಮತ್ತು ಬ್ಲೋಬೌಮ್ ಎಂಬುವರು ೧೮೬೭ರಲ್ಲಿ ತೋರಿಸಿದರು. ೧೮೬೯ರಲ್ಲಿ ಷ್ಮೀಡೆಬರ್ಗ್ ಮತ್ತು ಕೊಪ್ಪೆ ಒಂದು ಜಾತಿಯ ವಿಷದ ಅಣಬೆಯಿಂದ ಮಸ್ಕರೀನ್ ಎಂಬ ವಸ್ತುವನ್ನು ತೆಗೆದರು. ಅದು ವೇಗಸ್ ನರವನ್ನು ಉದ್ದೀಪಿಸಿದಾಗ ಆಗುವಂತೆಯೇ ಹೃದಯವನ್ನು ನಿಲ್ಲಿಸುತ್ತಿತ್ತು. ಅಟ್ರೊಪೀನ್ ಅದನ್ನು ಮತ್ತೆ ನಡೆಸುತ್ತಿತ್ತು. ಒಂದು ವಿಷಕ್ಕೆ ಇನ್ನೊಂದು ವಿಷ ಪ್ರತಿವಿಷವಾಯಿತು. ಮಸ್ಕರೀನ್ ವಿರೋಧಿ ಎಂಬ ಹೆಸರಿನ ಮೂಲ ಇದು.

ಈ ವಿಷಯಕ್ಕೆ ವ್ಯವಸ್ಥೆಯನ್ನು ತಂದವನು ಇಂಗ್ಲೆಂಡಿನ ಹೆನ್ರಿ ಡೇಲ್. ಅಸಿಟೈಲ್‌ಕೋಲೀನ್ ಎಂಬ ವಸ್ತುವಿಗೆ ಎರಡು ಬಗೆಯ ಕ್ರಿಯೆಗಳಿವೆ, ಒಂದು ಮಸ್ಕರೀನಿನ ಕ್ರಿಯೆಯಂತೆ, ಮತ್ತೊಂದು ಹೊಗೆಸೊಪ್ಪಿನ ನಿಕೊಟೀನಿನ ಕ್ರಿಯೆಯಂತೆ ಎಂದು ಅವನು ೧೯೧೪ರಲ್ಲಿ ವಿಂಗಡಿಸಿದನು. ಅಟ್ರೊಪೀನ್ ತಡೆಯುವುದು ಮೊದಲನೆಯದನ್ನು ಮಾತ್ರ. ೧೯೨೧ರಲ್ಲಿ ಆಸ್ಟ್ರಿಯದ ಓಟೋ ಲೋವಿ ಕಪ್ಪೆಯ ಹೃದಯಗಳ ಮೇಲೆ ನಡೆಸಿದ ಪ್ರಯೋಗದಿಂದ ವೇಗಸ್ ನರವು ಒಂದು ರಾಸಾಯನಿಕ ವಸ್ತುವನ್ನು ಹೊರಸೂಸಿ ತನ್ನ ಕೆಲಸವನ್ನು ನಡೆಸುತ್ತದೆಂಬುದು ಸ್ಥಿರಪಟ್ಟಿತು. ಆ ವಸ್ತು ಅಸಿಟೈಲ್‌ಕೋಲೀನೇ ಎಂಬುದು ಅನಂತರ ತಿಳಿದುಬಂದಿತು. ೧೯೩೬ರ ನೊಬೆಲ್ ಬಹುಮಾನ ಇವರಿಬ್ಬರಿಗೂ ಸಂದಿತು. ಡೇಲ್‌ನ ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಸುಮಾರು ಒಂದು ಶತಮಾನದ ಬಳಿಕ ಆಘಾತದ ಸಂಶೋಧನೆಯಲ್ಲಿ ಅದೇ ಮುಖ್ಯವಾಗಿ ಮರಳಿ ಬರುತ್ತದೆ.

೩. ಜಠರವ್ರಣದ ಚಿಕಿತ್ಸೆಯಲ್ಲಿ

ಜಠರದಲ್ಲಿ ಆಮ್ಲವನ್ನು ಸುರಿಸುವಂತೆ ಮಾಡುವ ನರವೂ ವೇಗಸ್ಸೇ. ಆಮ್ಲವಿಲ್ಲದೆಡೆ ವ್ರಣವಿಲ್ಲವೆಂಬ ಅಭಿಪ್ರಾಯವನ್ನು ಶಸ್ತ್ರವೈದ್ಯ ಶ್ವಾರ್ಟ್ಸ್ ೧೯೧೦ರಲ್ಲಿ ಮುಂದಿಟ್ಟ ಮೇಲೆ ಚಿಕಿತ್ಸೆಯ ದಾರಿ ಸ್ಪಷ್ಟವಾಯಿತು. ಆಮ್ಲವನ್ನು ತಗ್ಗಿಸಬೇಕು, ಅದಕ್ಕೆ ನರವನ್ನು ಕತ್ತರಿಸಬೇಕು, ಇಲ್ಲವೇ ನರದ ಆಜ್ಞೆ ಜಠರಕ್ಕೆ ತಲುಪದಂತೆ ತಡೆಯಬೇಕು. ಷಿಕಾಗೋದ ಡ್ರಾಗ್‌ಸ್ಟೆಟ್ ೧೯೪೩ರಲ್ಲಿ ಮೊದಲನೆಯ ಮಾರ್ಗವನ್ನು ಹಿಡಿದು ವೇಗಸ್ ನರವನ್ನು ಛೇದಿಸುವ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದನು. ಎರಡನೆಯ ಮಾರ್ಗ ಔಷಧಗಳದು. ೧೯೫೦ರಲ್ಲಿ ಬಾಂಥೀನ್ ಎಂಬ ಹೆಸರಿನಲ್ಲಿ ಮೆಥಾಂಥೆಲೀನ್, ೧೯೫೩ರಲ್ಲಿ ಪ್ರೊಬಾಂಥೀನ್ ಎಂಬ ಹೆಸರಿನಲ್ಲಿ ಪ್ರೊಪಾಂಥೆಲೀನ್ ಬಳಕೆಗೆ ಬಂದುವು. ಇವು ಕೃತಕವಾಗಿ ತಯಾರಾದ ವಸ್ತುಗಳು. ಅಟ್ರೊಪೀನಿನಂತೆ ಮೆದುಳನ್ನು ಸುಲಭವಾಗಿ ಪ್ರವೇಶಿಸಲಾರದ ಕಾರಣ ಭ್ರಮೆ ಮುಂತಾದ ಉಪದ್ರವಗಳು ಕಡಿಮೆ. ಆದರೂ ಆಮ್ಲವನ್ನು ಸಾಕಷ್ಟು ತಗ್ಗಿಸುವ ಪ್ರಮಾಣದಲ್ಲಿ ಕೊಟ್ಟರೆ ಬಾಯಿ ಒಣಗುವುದು, ದೃಷ್ಟಿ ಮಬ್ಬಾಗುವುದು, ಮೂತ್ರ ಕಟ್ಟುವುದು ತಪ್ಪುತ್ತಿರಲಿಲ್ಲ.

ಈ ತೊಡಕಿನಿಂದ ಪಾರಾಗುವ ಪ್ರಯತ್ನದಲ್ಲಿ ಜರ್ಮನಿಯಿಂದ ಪೈರೆನ್‌ಜೆಪೀನ್ ಬಂದಿತು. ಅದು ಹೃದಯವನ್ನು ಹೆಚ್ಚಾಗಿ ಕೆಣಕದೆ ಜಠರದ ಆಮ್ಲವನ್ನು ತಗ್ಗಿಸುತ್ತಿತ್ತು. ಮಸ್ಕರೀನ್ ಗ್ರಾಹಕವೆಂಬುದು ಒಂದೇ ಆಗಿದ್ದರೆ ಇದು ಹೇಗೆ ಸಾಧ್ಯ? ೧೯೮೦ರಲ್ಲಿ ಹ್ಯಾಮರ್ ಮತ್ತು ಅವನ ಸಹೋದ್ಯೋಗಿಗಳು ಈ ಔಷಧವನ್ನೇ ಅಳತೆಗೋಲನ್ನಾಗಿ ಬಳಸಿ ಮಸ್ಕರೀನ್ ಗ್ರಾಹಕಗಳಲ್ಲಿ ಒಳಭೇದಗಳಿವೆಯೆಂದು ಪ್ರಕಟಿಸಿದರು. ಅನಂತರದ ವರ್ಷಗಳಲ್ಲಿ ಇಂತಹ ಭೇದಗಳು ಐದು ಎಂಬುದು ಅವುಗಳ ಜೀನ್‌ಗಳ ಅಧ್ಯಯನದಿಂದ ಖಚಿತವಾಯಿತು.

ವ್ರಣಚಿಕಿತ್ಸೆಯಲ್ಲಿ ಈ ಔಷಧಗಳ ಪ್ರಾಧಾನ್ಯ ಬಹುಕಾಲ ಉಳಿಯಲಿಲ್ಲ. ೧೯೭೬ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸಿಮೆಟಿಡೀನ್ ಹಿಸ್ಟಮೀನಿನ ದಾರಿಯನ್ನು ತಡೆದು ಆಮ್ಲವನ್ನು ಇನ್ನೂ ಸಮರ್ಥವಾಗಿ ತಗ್ಗಿಸಿತು. ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಹೆಚ್ಚಿನ ವ್ರಣಗಳಿಗೆ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ತೋರಿಸಿ ಚಿಕಿತ್ಸೆಯ ಬುನಾದಿಯನ್ನೇ ಬದಲಾಯಿಸಿದರು. ಹೀಗೆ ತಮ್ಮ ಮೂಲವೃತ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಔಷಧಗಳ ವರ್ಗವೇ ಆಘಾತದ ಸಂಶೋಧನೆಯಲ್ಲಿ ಬೇರೊಂದು ಬಾಳನ್ನು ಬಾಳಿತು.

೪. ಆಘಾತವೆಂದರೇನು?

ಪ್ರಾಪ್ತವಯಸ್ಕನ ದೇಹದಲ್ಲಿ ಸುಮಾರು ೫ ಲೀಟರ್ ರಕ್ತವಿರುತ್ತದೆ. ಇದರಲ್ಲಿ ಶೇಕಡ ೪೦ಕ್ಕಿಂತ ಹೆಚ್ಚು ಬೇಗನೆ ಹೊರಟುಹೋದರೆ ಅದನ್ನು ಅತ್ಯಂತ ತೀವ್ರವಾದ ವರ್ಗದ ರಕ್ತನಷ್ಟವೆಂದು ಪರಿಗಣಿಸುತ್ತಾರೆ. ರೋಗಿಯ ಮೈ ತಣ್ಣಗಾಗಿ ಬೆವರುತ್ತದೆ, ನಾಡಿ ಎಳೆಯಾಗಿ ಓಡುತ್ತದೆ, ಮೂತ್ರ ನಿಲ್ಲುತ್ತದೆ, ಅರಿವು ಮಸುಳುತ್ತದೆ. ವೈದ್ಯರು ಷಾಕ್ ಎಂದು ಕರೆಯುವ ಈ ಸ್ಥಿತಿಯನ್ನು ಇಲ್ಲಿ ಆಘಾತವೆಂದು ಕರೆದಿದೆ. ಫ್ರೆಂಚ್ ಶಸ್ತ್ರವೈದ್ಯ ಲ ಡ್ರಾನ್ ಗುಂಡೇಟಿನ ಗಾಯಗಳನ್ನು ಕುರಿತು ಬರೆದ ಗ್ರಂಥ ೧೭೪೩ರಲ್ಲಿ ಇಂಗ್ಲಿಷಿಗೆ ಅನುವಾದವಾದಾಗ ಆ ಪದ ವೈದ್ಯರ ಬರಹದಲ್ಲಿ ಕಾಣಿಸಿಕೊಂಡಿತು.

ಆಘಾತದ ಕಾರಣವನ್ನು ಪ್ರಯೋಗದಿಂದ ಹುಡುಕಿದವರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್ ಮೊದಲಿಗರಲ್ಲೊಬ್ಬ. ೧೮೯೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ರಕ್ತನಾಳಗಳನ್ನು ಬಿಗಿಹಿಡಿಯುವ ನರಕೇಂದ್ರ ದಣಿದುಹೋಗುವುದೇ ಆಘಾತಕ್ಕೆ ಕಾರಣವೆಂದು ವಾದಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಶರೀರಶಾಸ್ತ್ರಜ್ಞರು ಪ್ರಯೋಗಶಾಲೆಯನ್ನು ಬಿಟ್ಟು ರಣರಂಗದ ಸಮೀಪಕ್ಕೆ ಹೋದರು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ ೧೯೧೭ರಲ್ಲಿ ಫ್ರಾನ್ಸಿನ ಬೆಥ್ಯೂನ್ ಪಟ್ಟಣದ ಸೇನಾ ಚಿಕಿತ್ಸಾಕೇಂದ್ರದಲ್ಲಿ ಗಾಯಾಳುಗಳ ರಕ್ತವನ್ನು ಪರೀಕ್ಷಿಸಿದನು. ಗಾಯಗೊಂಡ ಅಂಗಾಂಶದಿಂದ ಯಾವುದೋ ವಿಷ ರಕ್ತಕ್ಕೆ ಸೇರಿ ಆಘಾತವನ್ನು ತರುತ್ತದೆಂಬ ಅಭಿಪ್ರಾಯ ಆಗ ಪ್ರಬಲವಾಯಿತು. ಇದಕ್ಕೆ ಬೆಂಬಲವಾಗಿ ನಿಂತುದು ಹಿಸ್ಟಮೀನನ್ನು ಕುರಿತ ಸಂಶೋಧನೆ. ಅದನ್ನು ಲೇಡ್‌ಲಾನೊಡನೆ ೧೯೧೯ರಲ್ಲಿ ಪ್ರಕಟಿಸಿದವನು ಮಸ್ಕರೀನ್ ಮತ್ತು ನಿಕೊಟೀನ್ ಕ್ರಿಯೆಗಳನ್ನು ವಿಂಗಡಿಸಿದ ಅದೇ ಹೆನ್ರಿ ಡೇಲ್. ಒಬ್ಬನೇ ವಿದ್ವಾಂಸನ ಕೈಯಲ್ಲಿ ಎರಡು ಎಳೆಗಳೂ ಇದ್ದುವು. ಆದರೆ ಅವು ಒಂದಕ್ಕೊಂದು ಹೆಣೆದುಕೊಳ್ಳಲು ಬಹುಕಾಲ ಬೇಕಾಯಿತು.

ವಿಷದ ವಾದವನ್ನು ಅಲ್ಲಾಡಿಸಿದವನು ನ್ಯಾಷ್‌ವಿಲ್ಲಿನ ಆಲ್‌ಫ್ರೆಡ್ ಬ್ಲೇಲಾಕ್. ನಾಯಿಗಳ ಕಾಲಿಗೆ ಪೆಟ್ಟು ಕೊಟ್ಟು, ಪೆಟ್ಟುಬಿದ್ದ ಅಂಗದಲ್ಲಿ ಸೇರಿಕೊಂಡ ರಕ್ತ ಮತ್ತು ದ್ರವಗಳನ್ನು ತೂಗಿ ನೋಡಿದಾಗ ಅಷ್ಟು ನಷ್ಟವೇ ಒತ್ತಡ ಇಳಿಯಲು ಸಾಕೆಂಬುದು ಗೊತ್ತಾಯಿತು. ಈ ಫಲಿತಾಂಶ ೧೯೩೦ರಲ್ಲಿ ಹೊರಬಂದಿತು. ಮುಂದಿನ ವರ್ಷಗಳಲ್ಲಿ ಈ ಪ್ರಯೋಗಶಾಲೆಯ ಕೆಲಸದ ಬಹುಭಾಗವನ್ನು ಹೊತ್ತವನು, ಕಾಲೇಜು ಶಿಕ್ಷಣದ ಅವಕಾಶವಿಲ್ಲದ ನೀಗ್ರೋ ಯುವಕ ವಿವಿಯನ್ ಥಾಮಸ್. ಅವನ ಹೆಸರು ಬಹುಕಾಲ ಬೆಳಕಿಗೆ ಬರಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಲಾಗದು.

ರಕ್ತವೇ ಹೋಗಿರುವಾಗ ರಕ್ತವನ್ನೇ ಕೊಟ್ಟರೆ ಸಾಕಲ್ಲವೆ? ಸಾಲದೆಂಬುದನ್ನು ಕ್ಲೀವ್‌ಲೆಂಡಿನ ಕಾರ್ಲ್ ವಿಗ್ಗರ್ಸ್ ತೋರಿಸಿದನು. ನಾಯಿಯ ರಕ್ತವನ್ನು ಅಳೆದು ತೆಗೆದು, ಒತ್ತಡವನ್ನು ಪಾದರಸದ ೫೦ ಮಿಲಿಮೀಟರಿಗೂ ಆಮೇಲೆ ೩೦ ಮಿಲಿಮೀಟರಿಗೂ ಇಳಿಸಿ, ಗೊತ್ತಾದ ಅವಧಿಯವರೆಗೆ ಅಲ್ಲಿಯೇ ಹಿಡಿದಿಟ್ಟು, ಬಳಿಕ ತೆಗೆದ ರಕ್ತವನ್ನೆಲ್ಲ ಹಿಂದಿರುಗಿಸಿದರೂ ಒತ್ತಡ ಸ್ವಲ್ಪಕಾಲ ಏರಿ ಮತ್ತೆ ಕುಸಿಯುತ್ತಿತ್ತು. ಪ್ರಾಣಿ ಸಾಯುತ್ತಿತ್ತು. ಇದಕ್ಕೆ ಹಿಂದಿರುಗದ ಆಘಾತವೆಂಬ ಹೆಸರು ಬಂದಿತು. ವಿಗ್ಗರ್ಸನ ಗ್ರಂಥ ೧೯೫೦ರಲ್ಲಿ ಪ್ರಕಟವಾಯಿತು. ರಕ್ತ ಹಿಂದಿರುಗಿದರೂ ಪ್ರಾಣ ಹಿಂದಿರುಗದಿರುವುದೇಕೆ ಎಂಬ ಪ್ರಶ್ನೆಯೇ ಮುಂದಿನ ಔಷಧಸಂಶೋಧನೆಗೆಲ್ಲ ತಾಯಿ.

೫. ಮೊದಲನೆಯ ವಿವರಣೆ: ಹೃದಯ

ರಕ್ತ ಹೋದಂತೆ ನಾಡಿ ವೇಗಗೊಳ್ಳುವುದು ಸಾಮಾನ್ಯ ನಿಯಮ. ಆದರೆ ಕೆಲವು ಸಂದರ್ಭಗಳಲ್ಲಿ ಅದು ಇದ್ದಕ್ಕಿದ್ದಂತೆ ನಿಧಾನವಾಗಿ, ಒತ್ತಡ ಕುಸಿದು, ಮನುಷ್ಯ ಮೂರ್ಛೆ ಹೋಗುತ್ತಾನೆ. ನಿಧಾನಗೊಳಿಸುವುದು ವೇಗಸ್ ನರವಾದ್ದರಿಂದ ಅಟ್ರೊಪೀನ್ ಕೊಟ್ಟರೆ ಎಲ್ಲವೂ ಸರಿಹೋಗಬೇಕೆಂದು ತರ್ಕಿಸುವುದು ಸಹಜ. ಲಂಡನ್ನಿನ ಸರ್ ಥಾಮಸ್ ಲೂಯಿಸ್ ೧೯೩೨ರಲ್ಲಿ ಇಂತಹ ಮೂರ್ಛೆಯನ್ನು ಪರಿಶೀಲಿಸಿ, ಅಟ್ರೊಪೀನ್ ನಾಡಿಯನ್ನು ಏರಿಸುತ್ತದೆಯೇ ಹೊರತು ಒತ್ತಡವನ್ನು ಮೊದಲಿನಂತೆ ಮಾಡುವುದಿಲ್ಲವೆಂದು ಕಂಡುಕೊಂಡನು. ೧೯೪೪ರಲ್ಲಿ ಬಾರ್‌ಕ್ರಾಫ್ಟ್, ಎಡ್‌ಹೋಮ್ ಮೊದಲಾದವರು ಸ್ವಯಂಸೇವಕರಿಂದ ರಕ್ತ ತೆಗೆದು ನಡೆಸಿದ ಪ್ರಯೋಗಗಳಲ್ಲಿ ಕಾರಣ ತಿಳಿಯಿತು. ಮೂರ್ಛೆಯ ಕ್ಷಣದಲ್ಲಿ ಸ್ನಾಯುಗಳೊಳಗಿನ ರಕ್ತನಾಳಗಳು ಹಿಗ್ಗಿಬಿಡುತ್ತವೆ. ಹೃದಯವನ್ನು ಓಡಿಸಿದ ಮಾತ್ರಕ್ಕೆ ಹಿಗ್ಗಿದ ನಾಳಗಳು ತುಂಬಲಾರವು.

ಇನ್ನೊಂದು ಎಚ್ಚರಿಕೆಯೂ ಇಲ್ಲಿ ಅವಶ್ಯಕ. ಹೃದಯ ತುಂಬಿಕೊಳ್ಳುವುದು ಎರಡು ಬಡಿತಗಳ ನಡುವಣ ವಿರಾಮದಲ್ಲಿ. ಹಿಂದಿರುಗಿ ಬರುವ ರಕ್ತವೇ ಅಲ್ಪವಾಗಿರುವಾಗ ವಿರಾಮವನ್ನೂ ಕಡಿದುಬಿಟ್ಟರೆ ಪ್ರತಿಬಡಿತದಲ್ಲಿ ಹೊರಹೋಗುವ ರಕ್ತ ಮತ್ತಷ್ಟು ಕುಗ್ಗಬಹುದು. ಬರಿದಾದ ಹೃದಯಕ್ಕೆ ಶ್ರಮವೂ ಹೆಚ್ಚುತ್ತದೆ. ಹೀಗೆ ಮೊದಲನೆಯ ವಿವರಣೆ ರಕ್ತನಷ್ಟದ ಚಿಕಿತ್ಸೆಗೆ ಆಧಾರವಾಗದೆ ಹಿಂದೆ ಸರಿಯಿತು. ತೀರ ನಿಧಾನವಾದ ಬಡಿತವನ್ನು ಸರಿಪಡಿಸಲು ಅಟ್ರೊಪೀನ್ ಇಂದಿಗೂ ಉಪಯುಕ್ತವೆಂಬುದು ಬೇರೆ ಮಾತು.

೬. ಎರಡನೆಯ ವಿವರಣೆ: ಸೂಕ್ಷ್ಮ ರಕ್ತನಾಳಗಳು

ರಕ್ತ ಕಡಿಮೆಯಾದಾಗ ದೇಹವು ಮೆದುಳು ಮತ್ತು ಹೃದಯಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಚರ್ಮ, ಕರುಳು, ಮೂತ್ರಪಿಂಡಗಳ ಕಿರುಧಮನಿಗಳನ್ನು ಬಿಗಿಹಿಡಿಯುತ್ತದೆ. ಬರಗಾಲದಲ್ಲಿ ಊರಿನ ಕೆರೆಯ ತೂಬನ್ನು ಮುಚ್ಚಿ ಕುಡಿಯುವ ನೀರಿಗೆ ಮಾತ್ರ ಉಳಿಸಿಕೊಂಡಂತೆ ಇದು. ತೂಬು ಬಹುದಿನ ಮುಚ್ಚಿದ್ದರೆ ಗದ್ದೆ ಒಣಗುತ್ತದೆ. ಹಾಗೆಯೇ ಬಿಗಿತ ಬಹುಕಾಲ ಮುಂದುವರಿದರೆ ಆ ಅಂಗಗಳ ಜೀವಕೋಶಗಳು ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ. ಲೋಮನಾಳಗಳಲ್ಲಿ ರಕ್ತ ಮಡುಗಟ್ಟುತ್ತದೆ. ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಗಳ ವಿಷ ಒಳನುಗ್ಗುತ್ತದೆಂದು ಬಾಸ್ಟನ್ನಿನ ಜೇಕಬ್ ಫೈನ್ ವಾದಿಸಿದನು. ಹೀಗಿರಲಾಗಿ, ಒತ್ತಡವನ್ನು ಏರಿಸಲು ನಾಳಗಳನ್ನು ಇನ್ನೂ ಬಿಗಿಗೊಳಿಸುವ ಔಷಧಗಳನ್ನು ಕೊಡುವುದು ತಪ್ಪು, ರಕ್ತವನ್ನು ತುಂಬಿ ನಾಳಗಳನ್ನು ಸಡಿಲಿಸುವುದೇ ಸರಿಯೆಂಬ ಪಕ್ಷ ೧೯೫೦-೬೦ರ ದಶಕಗಳಲ್ಲಿ ತಲೆಯೆತ್ತಿತು. ಮಾರ್ಕ್ ನಿಕರ್‌ಸನ್ ಈ ಪಕ್ಷದ ಪ್ರಮುಖ. ಫಿನಾಕ್ಸಿಬೆಂಜಮೀನ್ ಎಂಬ ಔಷಧ ಅದರ ಸಾಧನ.

ಇದೇ ಕಾಲದಲ್ಲಿ ಚೀನಾದ ವೈದ್ಯರು ಬೇರೊಂದು ದಾರಿಯಿಂದ ಅದೇ ನಿಲುವಿಗೆ ಬಂದರು. ಮಕ್ಕಳ ತೀವ್ರವಾದ ಆಮಶಂಕೆ ಮತ್ತು ಮೆದುಳುಪೊರೆಯ ಸೋಂಕುಗಳಲ್ಲಿ ಉಂಟಾಗುವ ಆಘಾತಕ್ಕೆ ಅವರು ದೊಡ್ಡ ಪ್ರಮಾಣದಲ್ಲಿ ಅಟ್ರೊಪೀನ್ ಕೊಡುತ್ತಿದ್ದರು. ಬಿಳಿಚಿದ ಮುಖಕ್ಕೆ ಬಣ್ಣ ಬಂದು, ತಣ್ಣಗಿದ್ದ ಕೈಕಾಲುಗಳು ಬೆಚ್ಚಗಾದರೆ ಔಷಧ ಫಲಿಸಿತೆಂದು ತಿಳಿಯುತ್ತಿದ್ದರು. ಟಿಬೆಟ್ ಮತ್ತು ಚಿಂಗ್‌ಹಾಯ್ ಪ್ರಸ್ಥಭೂಮಿಯಲ್ಲಿ ಬೆಳೆಯುವ, ಉಮ್ಮತ್ತಿಯ ಕುಟುಂಬಕ್ಕೇ ಸೇರಿದ ಅನಿಸೋಡಸ್ ಎಂಬ ಸಸ್ಯದಿಂದ ೧೯೬೫ರಲ್ಲಿ ಬೀಜಿಂಗ್‌ನ ಸಂಶೋಧಕರು ಅನಿಸೊಡಮೀನ್ ಎಂಬ ಸಸ್ಯಕ್ಷಾರವನ್ನು ಬೇರ್ಪಡಿಸಿದರು. ೬೫ನೆಯ ಇಸವಿಯ ೪ನೆಯ ತಿಂಗಳೆಂಬ ಅರ್ಥದಲ್ಲಿ ಅದಕ್ಕೆ ೬೫೪ ಎಂದೂ, ಕೃತಕವಾಗಿ ತಯಾರಿಸಿದುದಕ್ಕೆ ೬೫೪-೨ ಎಂದೂ ಹೆಸರಾಯಿತು. ರಚನೆಯಲ್ಲಿ ಅದು ಅಟ್ರೊಪೀನಿನ ಒಡಹುಟ್ಟು. ಹೈಡ್ರಾಕ್ಸಿಲ್ ಗುಂಪೊಂದು ಹೆಚ್ಚಾಗಿರುವುದರಿಂದ ಮೆದುಳನ್ನು ಪ್ರವೇಶಿಸುವುದು ಕಡಿಮೆ, ಶಕ್ತಿಯೂ ಸೌಮ್ಯ. ಅಲ್ಲಿನ ಆಸ್ಪತ್ರೆಗಳಲ್ಲಿ ಅದು ಒಂದು ಕಡೆ ಜಠರ ಮತ್ತು ಕರುಳಿನ ಸೆಳೆತದ ನೋವಿಗೆ ನಿತ್ಯದ ಔಷಧವಾಯಿತು, ಮತ್ತೊಂದು ಕಡೆ ಆಘಾತದ ಚಿಕಿತ್ಸೆಗೂ ಬಳಕೆಯಾಯಿತು.

ಬೀಜಿಂಗ್‌ನ ಶ್ಯೂ ರುಯಿಜುಆನ್ ಎಂಬಾಕೆ ಅಮೆರಿಕದ ಮಿನೆಸೋಟ ಪ್ರಾಂತದ ವಿಜ್ಞಾನಿಗಳೊಡನೆ ನಡೆಸಿದ ಅಧ್ಯಯನ ೧೯೮೨ರಲ್ಲಿ ಪ್ರಕಟವಾದಾಗ ಹೊರಜಗತ್ತಿನ ಗಮನ ಈ ಔಷಧದ ಕಡೆಗೆ ಹರಿಯಿತು. ಅನಿಸೊಡಮೀನ್ ಥ್ರಾಂಬಾಕ್ಸೇನಿನ ಉತ್ಪತ್ತಿಯನ್ನು ತಡೆಯುತ್ತದೆ, ರಕ್ತದ ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡುವುದನ್ನು ತಗ್ಗಿಸುತ್ತದೆ ಎಂಬುದು ಆ ಅಧ್ಯಯನದ ಸಾರ. ಲೋಮನಾಳಗಳಲ್ಲಿ ರಕ್ತ ಮಡುಗಟ್ಟುವುದು ತಪ್ಪಲು ಇದೊಂದು ಸಮರ್ಪಕ ಕಾರಣವಾಗಿ ಕಂಡಿತು. ಆದರೆ ಚಿಂತಿಸುವವರಿಗೆ ಒಂದು ಸಂಶಯ ಏಳದಿರದು. ಸೋಂಕಿನ ಆಘಾತದಲ್ಲಿ ಹೆಪ್ಪುಗಟ್ಟುವುದು ಅಪಾಯ. ರಕ್ತ ಸುರಿಯುತ್ತಿರುವ ಗಾಯಾಳುವಿನಲ್ಲಾದರೋ ಹೆಪ್ಪುಗಟ್ಟುವುದೇ ರಕ್ಷಣೆ. ಪ್ಲೇಟ್‌ಲೆಟ್‌ಗಳು ಒಂದುಗೂಡದಂತೆ ತಡೆಯುವ ಔಷಧ ಮೊದಲನೆಯವನಿಗೆ ಮಿತ್ರನಾದರೆ ಎರಡನೆಯವನಿಗೆ ಶತ್ರುವಾಗಬಹುದು. ಆಘಾತವೆಂಬ ಹೆಸರು ಒಂದೇ ಆದರೂ ಸ್ಥಿತಿಗಳು ಎರಡು ಎಂಬುದನ್ನು ಈ ಉದಾಹರಣೆ ಚೆನ್ನಾಗಿ ಮನಗಾಣಿಸುತ್ತದೆ.

೭. ಮೂರನೆಯ ವಿವರಣೆ: ಉರಿಯೂತ

ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಿನಲ್ಲಿ ವೇಗಸ್ ನರಕ್ಕೆ ಅನಿರೀಕ್ಷಿತವಾದ ಮತ್ತೊಂದು ಕಾರ್ಯ ಪತ್ತೆಯಾಯಿತು. ನ್ಯೂಯಾರ್ಕಿನ ಕೆವಿನ್ ಟ್ರೇಸಿಯ ಪ್ರಯೋಗಶಾಲೆಯಿಂದ ೨೦೦೦ದಲ್ಲಿ ಹೊರಬಂದ ಲೇಖನದ ಪ್ರಕಾರ, ಬ್ಯಾಕ್ಟೀರಿಯದ ವಿಷವನ್ನು ಕೊಟ್ಟ ಇಲಿಗಳಲ್ಲಿ ವೇಗಸ್ ನರವನ್ನು ಉದ್ದೀಪಿಸಿದರೆ ಉರಿಯೂತವನ್ನು ಹಬ್ಬಿಸುವ ವಸ್ತುಗಳು ಕಡಿಮೆಯಾಗಿ ಆಘಾತ ತಪ್ಪುತ್ತದೆ. ಈ ಆಜ್ಞೆಯನ್ನು ಸ್ವೀಕರಿಸುವುದು ಆಲ್ಫಾ-೭ ಎಂಬ ನಿಕೊಟೀನ್ ಗ್ರಾಹಕವೆಂದು ೨೦೦೩ರಲ್ಲಿ ಗೊತ್ತಾಯಿತು. ಅದೇ ವರ್ಷ ಇಟಲಿಯ ಮೊಡೆನ ನಗರದ ಗ್ವಾರಿನಿ ಮತ್ತು ಸಹೋದ್ಯೋಗಿಗಳು ರಕ್ತನಷ್ಟದಿಂದ ಆಘಾತಕ್ಕೊಳಗಾದ ಇಲಿಗಳಲ್ಲಿಯೂ ವೇಗಸ್ ನರದ ಉದ್ದೀಪನೆ ರಕ್ಷಣೆ ಕೊಡುತ್ತದೆಂದು ಪ್ರಕಟಿಸಿದರು. ನಿಕೊಟೀನ್ ಗ್ರಾಹಕಗಳನ್ನು ತಡೆಯುವ ಔಷಧ ಕೊಟ್ಟಾಗ ಆ ರಕ್ಷಣೆ ಇಲ್ಲವಾಯಿತು.

ಇಲ್ಲಿ ಒಂದು ವಿರೋಧಾಭಾಸ ತೋರುತ್ತದೆ. ವೇಗಸ್ ನರದ ಕ್ರಿಯೆ ರಕ್ಷಕವಾದರೆ, ಆ ನರದ ವಿರೋಧಿಯಾದ ಔಷಧ ರಕ್ಷಕವಾಗುವುದು ಹೇಗೆ? ೧೯೧೪ರ ಡೇಲ್‌ನ ವಿಂಗಡಣೆ ಮತ್ತೆ ಬೇಕಾಗುವುದು ಇಲ್ಲಿಯೇ. ಮಸ್ಕರೀನ್ ವಿರೋಧಿಯು ಮಸ್ಕರೀನ್ ಗ್ರಾಹಕಗಳನ್ನು ಮುಚ್ಚಿದಾಗ ಬಿಡುಗಡೆಯಾದ ಅಸಿಟೈಲ್‌ಕೋಲೀನಿಗೆ ಉಳಿಯುವ ಬಾಗಿಲು ನಿಕೊಟೀನ್ ಗ್ರಾಹಕ. ಒಂದು ದಾರಿಯನ್ನು ಮುಚ್ಚಿದ್ದರಿಂದ ಇನ್ನೊಂದು ದಾರಿಯಲ್ಲಿ ಹರಿವು ಹೆಚ್ಚಿತು. ಅನಿಸೊಡಮೀನಿನ ಆಘಾತನಿವಾರಕ ಗುಣಕ್ಕೆ ಇದೇ ಕಾರಣವೆಂದು ಶಾಂಘಾಯ್‌ನ ಸಂಶೋಧಕರು ೨೦೦೯ರಲ್ಲಿ ಪ್ರತಿಪಾದಿಸಿದರು. ಆಲ್ಫಾ-೭ ಗ್ರಾಹಕವಿಲ್ಲದಂತೆ ಬೆಳೆಸಿದ ಇಲಿಮರಿಗಳಲ್ಲಿ ಔಷಧದ ಪ್ರಯೋಜನ ಕಾಣಲಿಲ್ಲವೆಂಬುದು ಅವರ ಮುಖ್ಯ ಸಾಕ್ಷ್ಯ. ಮುಂದೆ ಅನಿಸೊಡಮೀನಿನ ಜೊತೆಗೆ, ಅಸಿಟೈಲ್‌ಕೋಲೀನ್ ಬೇಗನೆ ನಾಶವಾಗದಂತೆ ತಡೆಯುವ ನಿಯೊಸ್ಟಿಗ್ಮೀನನ್ನೂ ಕೂಡಿಸಿ ಕೊಡುವ ಪ್ರಯೋಗಗಳು ನಡೆದುವು.

ವಾದವು ಅಂದವಾಗಿದೆ. ಆದರೆ ಅದು ಪೂರ್ಣವಲ್ಲ. ಮೆದುಳಿನೊಳಗಿನ ಮಸ್ಕರೀನ್ ಗ್ರಾಹಕಗಳನ್ನು ಉದ್ದೀಪಿಸುವುದರಿಂದ ವೇಗಸ್ ನರ ಚುರುಕಾಗಿ ಉರಿಯೂತ ತಗ್ಗುತ್ತದೆಂದು ಟ್ರೇಸಿಯ ಗುಂಪಿನವರೇ ೨೦೦೬ರಲ್ಲಿ ತೋರಿಸಿದರು. ಅಂದರೆ ಔಷಧ ಮೆದುಳನ್ನು ಹೊಕ್ಕರೆ ಒಂದು ಫಲ, ಹೊರಗೇ ಉಳಿದರೆ ಮತ್ತೊಂದು ಫಲ. ೧೯೫೦ರ ದಶಕದ ವ್ರಣೌಷಧಗಳು ಮೆದುಳನ್ನು ಪ್ರವೇಶಿಸದಂತೆ ರೂಪುಗೊಂಡುದು ಕೇವಲ ಉಪದ್ರವವನ್ನು ತಪ್ಪಿಸುವುದಕ್ಕಾಗಿ. ಅದೇ ಗುಣವು ಆಘಾತದ ಚರ್ಚೆಯಲ್ಲಿ ಮುಖ್ಯ ಪ್ರಶ್ನೆಯಾಗಿ ನಿಂತಿತು. ಇದಲ್ಲದೆ, ಶಾಂಘಾಯ್‌ನ ಸಾಕ್ಷ್ಯ ಬಂದುದು ಬ್ಯಾಕ್ಟೀರಿಯದ ವಿಷದಿಂದಾದ ಆಘಾತದಲ್ಲಿ. ಅದನ್ನು ಹಾಗೆಯೇ ರಕ್ತನಷ್ಟಕ್ಕೆ ಅನ್ವಯಿಸುವುದು ಅವಸರವಾದೀತು.

೮. ಪ್ರಯೋಗಶಾಲೆಯ ಪ್ರಾಣಿ ಮತ್ತು ರಸ್ತೆಯ ಗಾಯಾಳು

ಪ್ರಾಣಿಗಳಲ್ಲಿ ಫಲಿಸಿದ ಆಘಾತದ ಔಷಧಗಳು ಮನುಷ್ಯರಲ್ಲಿ ಸೋತ ಚರಿತ್ರೆ ದೀರ್ಘವಾದುದು. ಅಫೀಮಿನ ವಿರೋಧಿಯಾದ ನಲಾಕ್ಸೋನ್ ರಕ್ತನಷ್ಟದ ಆಘಾತದಲ್ಲಿ ಒತ್ತಡವನ್ನು ಏರಿಸುತ್ತದೆಂದು ಫೇಡನ್ ಮತ್ತು ಹಾಲಡೆ ೧೯೭೯ರಲ್ಲಿ ಇಲಿಗಳ ಪ್ರಯೋಗದಿಂದ ವರದಿ ಮಾಡಿದರು. ಮನುಷ್ಯರಲ್ಲಿ ಅದು ಪ್ರಾಣವುಳಿಸುವ ಚಿಕಿತ್ಸೆಯಾಗಲಿಲ್ಲ. ರಕ್ತಕ್ಕೆ ಬದಲಾಗಿ ತಯಾರಿಸಿದ ಒಂದು ಬಗೆಯ ಹೀಮೊಗ್ಲೋಬಿನ್ ದ್ರಾವಣದ ಪರೀಕ್ಷೆ ಇನ್ನೂ ಕಠೋರವಾದ ಪಾಠವನ್ನು ಕಲಿಸಿತು. ಅಮೆರಿಕದಲ್ಲಿ ನಡೆದು ೧೯೯೯ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ದ್ರಾವಣ ಪಡೆದವರಲ್ಲಿ ೨೮ ದಿನಗಳೊಳಗೆ ಶೇಕಡ ೪೬ ಮಂದಿ, ಪಡೆಯದವರಲ್ಲಿ ಶೇಕಡ ೧೭ ಮಂದಿ ಮರಣಹೊಂದಿದರು. ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

ಹೀಗೇಕಾಗುತ್ತದೆ? ವಿಗ್ಗರ್ಸನ ಕ್ರಮದಲ್ಲಿ ರಕ್ತವನ್ನು ಅಳೆದು ತೆಗೆಯುತ್ತಾರೆ. ಬಳಿಕ ಸ್ರಾವ ನಿಲ್ಲುತ್ತದೆ. ಪ್ರಾಣಿಗೆ ಅರಿವಳಿಕೆ ಕೊಟ್ಟಿರುತ್ತಾರೆ. ಔಷಧ ಕೊಡುವ ನಿಮಿಷವೂ ಗೊತ್ತಾಗಿರುತ್ತದೆ. ರಸ್ತೆಯಲ್ಲಿ ಬಿದ್ದ ಗಾಯಾಳುವಿನಲ್ಲಿ ಇವೊಂದೂ ಇರುವುದಿಲ್ಲ. ಅವನಿಂದ ಎಷ್ಟು ರಕ್ತ ಹೋಗಿದೆಯೋ ತಿಳಿಯದು. ಸ್ರಾವ ಇನ್ನೂ ನಡೆಯುತ್ತಿರುತ್ತದೆ. ಮೂಳೆ ಮುರಿದಿರುತ್ತದೆ, ತಲೆಗೆ ಪೆಟ್ಟಾಗಿರಬಹುದು. ತಲೆಗೆ ಪೆಟ್ಟಾದವನ ಕಣ್ಣಿನ ಪಾಪೆಯನ್ನು ನೋಡಿ ವೈದ್ಯರು ಅಪಾಯವನ್ನು ಗುರುತಿಸುತ್ತಾರೆ. ಮಸ್ಕರೀನ್ ವಿರೋಧಿಗಳು ಪಾಪೆಯನ್ನೇ ಹಿಗ್ಗಿಸಿ ಆ ಸಾಕ್ಷ್ಯವನ್ನು ಅಳಿಸಬಹುದು. ಅಲ್ಲದೆ ನಾಡಿಯ ವೇಗದಿಂದ ರಕ್ತನಷ್ಟವನ್ನು ಅಂದಾಜು ಮಾಡುವ ರೂಢಿಯಿದೆ. ನಾಡಿಯನ್ನು ಔಷಧವೇ ಓಡಿಸಿದ್ದರೆ ಅಂದಾಜು ತಪ್ಪುತ್ತದೆ.

ಸ್ರಾವ ನಿಲ್ಲದಿರುವಾಗ ಒತ್ತಡವನ್ನು ಏರಿಸುವುದೇ ಅಪಾಯಕರವೆಂದು ಕ್ಯಾನನ್ ಮತ್ತು ಅವನ ಸಂಗಡಿಗರು ೧೯೧೮ರಷ್ಟು ಹಿಂದೆಯೇ ಎಚ್ಚರಿಸಿದ್ದರು. ೧೯೯೪ರಲ್ಲಿ ಹ್ಯೂಸ್ಟನ್ನಿನ ಬಿಕೆಲ್ ಮತ್ತು ಸಹೋದ್ಯೋಗಿಗಳು ಎದೆಹೊಟ್ಟೆಗಳಿಗೆ ಗುಂಡು ಅಥವಾ ಚೂರಿಯಿಂದ ಗಾಯವಾದ ೫೯೮ ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಕೂಡಲೇ ದ್ರವ ಪಡೆದವರಲ್ಲಿ ಶೇಕಡ ೬೨, ಶಸ್ತ್ರಕ್ರಿಯೆಯವರೆಗೆ ತಡೆಹಿಡಿದವರಲ್ಲಿ ಶೇಕಡ ೭೦ ಮಂದಿ ಬದುಕಿ ಉಳಿದರು. ಕ್ಯಾನನ್ನನ ಮಾತು ಪರೀಕ್ಷೆಗೆ ಒಳಗಾಗಲು ಮುಕ್ಕಾಲು ಶತಮಾನ ಬೇಕಾಯಿತು.

ಪರೀಕ್ಷೆಯಲ್ಲಿ ಗೆದ್ದ ಒಂದು ಔಷಧದ ಉದಾಹರಣೆಯನ್ನೂ ಕೊಡಬೇಕು. ಜಪಾನಿನ ಒಕಮೊಟೊ ದಂಪತಿಗಳು ೧೯೬೨ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲವು ಹೆಪ್ಪುಗಟ್ಟಿದ ರಕ್ತ ಕರಗದಂತೆ ಕಾಯುವ ಅಗ್ಗದ ವಸ್ತು. ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಭಾರತವೂ ಸೇರಿದಂತೆ ೪೦ ದೇಶಗಳ ೨೭೪ ಆಸ್ಪತ್ರೆಗಳ ೨೦,೨೧೧ ಗಾಯಾಳುಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ಹಂಚಲಾಯಿತು. ಔಷಧ ಪಡೆದವರಲ್ಲಿ ಮರಣ ಶೇಕಡ ೧೪.೫, ಪಡೆಯದವರಲ್ಲಿ ಶೇಕಡ ೧೬. ಅಂತರ ಕಿರಿದು, ಆದರೆ ಅದು ನಿಜವಾದ ಅಂತರ. ಗಾಯವಾದ ೩ ಗಂಟೆಗಳೊಳಗೆ ಕೊಟ್ಟರೆ ಮಾತ್ರ ಲಾಭವೆಂದು ಮರುವರ್ಷದ ವಿಶ್ಲೇಷಣೆಯಿಂದ ತಿಳಿಯಿತು. ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನಗಳು ನಡೆದಿವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ರಕ್ತದೊತ್ತಡವನ್ನು ಇಳಿಸಲೆಂದು ಹುಟ್ಟಿದ ಸೆಂಥಾಕ್ವಿನ್ ಎಂಬ ವಸ್ತುವು ಬೇರೆಯ ಪ್ರಮಾಣದಲ್ಲಿ ಆಘಾತಕ್ಕೆ ಉಪಯುಕ್ತವೆಂದು ಕಂಡುಬಂದು, ಮನುಷ್ಯರಲ್ಲಿ ಪರೀಕ್ಷೆಗಳು ನಡೆದ ಮೇಲೆ ೨೦೨೦ರಲ್ಲಿ ಭಾರತದಲ್ಲಿ ಅನುಮತಿ ಪಡೆಯಿತು. ಹಳೆಯ ಔಷಧಕ್ಕೆ ಹೊಸ ವೃತ್ತಿ ಸಿಗಬಾರದೆಂದೇನೂ ಇಲ್ಲ. ಸಿಗುವ ಮೊದಲು ಅದು ಪರೀಕ್ಷೆಯ ಬಾಗಿಲನ್ನು ದಾಟಬೇಕು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಮಸ್ಕರೀನ್ ವಿರೋಧಿ ಔಷಧಗಳು ಚಿಕಿತ್ಸೆಯ ಸಾಧನಗಳಾಗಿ ಎಷ್ಟು ಬೆಲೆಯುಳ್ಳವೋ, ಪ್ರಶ್ನೆ ಕೇಳುವ ಸಾಧನಗಳಾಗಿ ಅದಕ್ಕಿಂತ ಹೆಚ್ಚು ಬೆಲೆಯುಳ್ಳವು. ನರವು ರಾಸಾಯನಿಕ ವಸ್ತುವಿನ ಮೂಲಕ ಮಾತನಾಡುತ್ತದೆಂಬುದನ್ನು ಅಟ್ರೊಪೀನ್ ತಿಳಿಸಿತು. ಗ್ರಾಹಕಗಳಲ್ಲಿ ಒಳಭೇದವಿದೆಯೆಂಬುದನ್ನು ಪೈರೆನ್‌ಜೆಪೀನ್ ತಿಳಿಸಿತು. ಸೂಕ್ಷ್ಮ ರಕ್ತನಾಳಗಳ ಕಡೆಗೂ ಉರಿಯೂತದ ಕಡೆಗೂ ಅನಿಸೊಡಮೀನ್ ನಮ್ಮ ದೃಷ್ಟಿಯನ್ನು ತಿರುಗಿಸಿತು.

ಎರಡನೆಯದು, ಸಮರ್ಪಕವಾದ ವಿವರಣೆಯಿದೆಯೆಂಬ ಮಾತ್ರಕ್ಕೆ ಔಷಧ ಪ್ರಾಣವುಳಿಸುತ್ತದೆಂದು ಹೇಳಲಾಗದು. ಒಂದೇ ಔಷಧಕ್ಕೆ ಮೂರು ವಿವರಣೆಗಳು ಒಂದಾದ ಮೇಲೊಂದು ಬಂದುವೆಂಬುದೇ ವಿವರಣೆಗಳನ್ನು ಕಟ್ಟುವುದು ಎಷ್ಟು ಸುಲಭವೆಂಬುದಕ್ಕೆ ಸಾಕ್ಷಿ. ಗಾಯಾಳುವಿನ ಮಟ್ಟಿಗೆ ಮೊದಲ ಕರ್ತವ್ಯಗಳು ಇಂದಿಗೂ ಸರಳವಾದವೇ: ಸ್ರಾವವನ್ನು ನಿಲ್ಲಿಸುವುದು, ಮೈಯನ್ನು ಬೆಚ್ಚಗಿಡುವುದು, ಹೋದ ರಕ್ತಕ್ಕೆ ರಕ್ತವನ್ನು ಕೊಡುವುದು, ತಡಮಾಡದೆ ಶಸ್ತ್ರವೈದ್ಯರ ಬಳಿಗೆ ಸಾಗಿಸುವುದು. ಔಷಧದ ಸ್ಥಾನ ಇವುಗಳ ಅನಂತರ. ರಕ್ತನಷ್ಟದ ಆಘಾತದಲ್ಲಿ ಜಠರದ ಔಷಧಕ್ಕೆ ಆ ಸ್ಥಾನವಾದರೂ ಸಲ್ಲುವುದೇ ಎಂಬುದನ್ನು ನಿರ್ಣಯಿಸಬೇಕಾದುದು ವಾದದ ಸೊಗಸಲ್ಲ, ಬದುಕಿ ಉಳಿದವರ ಎಣಿಕೆ.